ನಡುವಿನ ಚೆಂಡು

ನಂಗೆ ಸಿಟ್ಟು ಮೂಗಿನ ತುದೀಲೇ ಇರುತ್ತಂತೆ. ಮನೇಲಿ ಎಲ್ಲರೂ ಹಾಗೇ ಹೇಳೋದು. ಕ್ಲಬ್ಬಲ್ಲಂತೂ ನನ್ನ ಹೆಸರೇ ಪಟಾಕಿ. ಇರಲಿ ಬಿಡಿ, ಪಟಾಕಿ ಅಂತಲೇ ಇಟ್ಕೊಳ್ಳಿ. ಆದ್ರೆ ಪಟಾಕಿ ತಾನಾಗೇ ಹೊಡ್ಕೊಳ್ಳಲ್ಲ, ಯಾರಾದ್ರೂ ಕಡ್ಡಿ ಗೀರಬೇಕು. ಈ ಸಲ ಕಡ್ಡಿ ಗೀರಿದ್ದು ಯಾರು ಗೊತ್ತಾ? ಹೆತ್ತ ಅಪ್ಪ, ಒಡಹುಟ್ಟಿದ ಅಕ್ಕ.

ಅಷ್ಟು ದೊಡ್ಡ ಟೆನಿಸ್ ಟೂರ್ನಿ ನಮ್ಮೂರಿಗೆ ಬರ್ತಿರೋದು ಇದೇ ಮೊದಲು. ಮತ್ತೆ ಬರೋದೂ ಇಲ್ಲ. ಬೇರೆ ಯಾವುದೋ ಊರು ಕೈಯೆತ್ತಿದ್ದಕ್ಕೆ ಈ ಒಂದು ವರ್ಷ ಮಾತ್ರ ನಮಗೆ ಕೊಟ್ಟಿದ್ರು. ಟೀವೀಲಿ ಮಾತ್ರ ನೋಡಿದ್ದ ಆಟಗಾರ್ತಿಯರು ನಮ್ಮ ಬಸ್ಸುಗಳ ಬೆನ್ನ ಮೇಲೆ ನಗ್ತಾ ಓಡಾಡ್ತಿದ್ರು. ಟೆನಿಸ್ ಅಂದ್ರೆ ಏನು ಅಂತಾನೂ ಗೊತ್ತಿಲ್ಲದ ಕಟಿಂಗ್ ಶಾಪಿನವನು ಅಂಗಡಿ ಬಾಗಿಲಿಗೆ ಒಂದು ಹಳೇ ರ‍್ಯಾಕೆಟ್ ನೇತು ಹಾಕಿದ್ದ. ಊರಿಗೆ ಊರೇ ಕಾಯ್ತಾ ಇತ್ತು.

ನಾನೂ ಅಕ್ಕನೂ ಡಬಲ್ಸ್ ಆಡೋರು. ರ‍್ಯಾಂಕಿಂಗ್ ನೋಡಿದ್ರೆ ನಮ್ಮಂಥವರು ಆ ಟೂರ್ನಿಯ ಗೇಟಿನ ಹತ್ರಾನೂ ಸುಳಿಯೋ ಹಾಗಿಲ್ಲ. ಆದ್ರೆ ನಡೆಸೋರ ಕೈಲಿ ವೈಲ್ಡ್ ಕಾರ್ಡ್ ಅಂತ ಒಂದಿರುತ್ತೆ. ರ‍್ಯಾಂಕಿಂಗ್ ನೋಡದೆ ತಮಗೆ ಬೇಕಾದವರನ್ನ ಒಳಗೆ ಬಿಟ್ಕೋಬಹುದು. ಟೂರ್ನಿ ಡೈರೆಕ್ಟರ್ ನಮ್ಮ ಕ್ಲಬ್ಬಿಗೇ ಬಂದು, ನಮ್ಮಿಬ್ಬರ ಕೈಯೂ ಕುಲುಕಿ, "ಡಬಲ್ಸ್ ಕಾರ್ಡ್ ಅಕ್ಕತಂಗಿಗೇ" ಅಂತ ಹೇಳಿ ಹೋಗಿದ್ದ. ಅವತ್ತು ಅಮ್ಮ ಖುಷಿಗೆ ಕಣ್ಣಲ್ಲಿ ನೀರು ಹಾಕ್ಕೊಂಡಿದ್ಲು.

ನಾವು ಆಡೋ ರೀತಿ ಸ್ವಲ್ಪ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಅಕ್ಕಂದು ಬಲಗೈ, ಅವಳು ಕೋರ್ಟಿನ ಬಲಗಡೆ. ನಂದು ಎಡಗೈ, ನಾನು ಎಡಗಡೆ. ಹೀಗೆ ನಿಂತ್ರೆ ಇಬ್ಬರ ಜೋರಾದ ಹೊಡೆತಾನೂ ಹೊರಗಡೆ ಬದಿಗೆ ಹೋಗುತ್ತೆ, ನಡುವೆ ಇಬ್ಬರದ್ದೂ ಬ್ಯಾಕ್‌ಹ್ಯಾಂಡ್, ಕೈ ಅಡ್ಡ ತಂದು ಹೊಡೆಯೋದು, ಅಷ್ಟು ಜೋರಿರಲ್ಲ. ಎದುರಿನವರು ಸರಿಯಾಗಿ ನಡುವೆ ಹೊಡೆದ್ರೆ ನೀನು ಹೊಡಿ, ನಾನು ಹೊಡೀತೀನಿ ಅನ್ನೋಷ್ಟರಲ್ಲಿ ಚೆಂಡು ಹಿಂದಿನ ಬೇಲಿಗೆ ಹೋಗಿ ಬಡಿದಿರುತ್ತೆ. ನಾವು ಚಿಕ್ಕವರಿದ್ದಾಗ ಇದೇ ಜಗಳ ದಿನಾ. ಕೊನೆಗೆ ನಮ್ಮ ಕೋಚೂ ಆಗಿದ್ದ ಅಪ್ಪ ಒಂದು ಕಾನೂನು ಮಾಡಿದ್ರು. ನಡುವಿನ ಚೆಂಡು ಯಾವಾಗಲೂ ಪಟಾಕಿದು. ಅಷ್ಟೇ, ಮಾತು ಮುಗೀತು. ಅವತ್ತಿಂದ ಅಕ್ಕ ನಡುವಿನ ಚೆಂಡನ್ನ ತಿರುಗಿಯೂ ನೋಡಲ್ಲ. ಅದು ನನ್ನ ಹತ್ರ ಬರೋಷ್ಟರಲ್ಲಿ ಅವಳಾಗಲೇ ಮುಂದಿನ ಹೊಡೆತಕ್ಕೆ ಜಾಗ ಹಿಡಿದಿರ್ತಾಳೆ.

ಟೂರ್ನಿ ಹತ್ತಿರ ಬರ್ತಿದ್ದಂಗೆ ಒಂದು ಬೆಳಿಗ್ಗೆ ಅಪ್ಪ, "ಅಕ್ಕ ಎಡಗಡೆ ನಿಂತ್ಕೊಳ್ಳಲಿ ಇವತ್ತು" ಅಂದ್ರು.

"ಯಾಕೆ?"

"ಸುಮ್ನೆ. ಬದಲಾವಣೆ ಇರಲಿ."

ಸರಿ ಅಂದೆ. ಮಾರನೇ ದಿನಾನೂ ಅದೇ. ಅದರ ಮಾರನೇ ದಿನ ನನ್ನನ್ನ ನೆಟ್ಟಿನ ಆಚೆಗೆ ಕಳಿಸಿ, ಅಕ್ಕನ ಕೈಲಿ ಎಡಗಡೆಯಿಂದ ರಿಟರ್ನ್ ಮೇಲೆ ರಿಟರ್ನ್ ಮಾಡಿಸಿದ್ರು. ನಾನು ಸರ್ವ್ ಮಾಡಿ ಮಾಡಿ ಸಾಕಾಗಿ ತಮಾಷೆಗೆ ಕೇಳಿದೆ, "ಅಪ್ಪಾ, ಎಡಗಡೆ ಅಕ್ಕ ನಿಂತ್ರೆ ಟೂರ್ನೀಲಿ ನಾನೆಲ್ಲಿ ನಿಂತ್ಕೊಳ್ಳಲಿ? ಪಾರ್ಕಿಂಗಲ್ಲಾ?"

ಯಾರೂ ನಗಲಿಲ್ಲ. ಅಪ್ಪ ಟೋಪಿ ತೆಗೆದು ತಲೆ ಕೆರ್ಕೊಂಡ್ರು. ಅಕ್ಕ ಬಗ್ಗಿ, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟೋಕೆ ಶುರು ಮಾಡಿದ್ಲು.

ಮನೆಗೆ ಬಂದು ಊಟಕ್ಕೆ ಕೂತಾಗ ಎಲ್ಲಾ ಹೊರಗೆ ಬಂತು. ಟೂರ್ನಿಗೆ ಬರ್ತಿದ್ದ ದೊಡ್ಡ ಹೆಸರಿನ ಡಬಲ್ಸ್ ಆಟಗಾರ್ತಿ ಒಬ್ಬಳಿದ್ಲು. ಮಹಾರಾಣಿ ಅಂತ ನಾನೇ ಇಟ್ಟ ಹೆಸರು. ಅವಳ ಜೊತೆಗಾರ್ತಿಗೆ ಮಂಡಿ ಕೈ ಕೊಟ್ಟಿತ್ತು. ಮಹಾರಾಣಿ ಬಲಗಡೆ ಬಿಟ್ಟು ಬೇರೆ ಕಡೆ ನಿಲ್ಲಲ್ಲ, ಎಡಗಡೆಗೆ ಒಬ್ಬರು ಬೇಕು. ಊರಿನವಳನ್ನ ಅವಳ ಪಕ್ಕ ನಿಲ್ಲಿಸಿದ್ರೆ ಸ್ಟೇಡಿಯಂ ತುಂಬುತ್ತೆ ಅಂತ ಡೈರೆಕ್ಟರ್‌ಗೆ ಅನ್ನಿಸ್ತು. ಅಕ್ಕನ್ನ ಕೇಳಿದ. ಅಕ್ಕ ಒಪ್ಕೊಂಡಳು. ನಮ್ಮ ಕಾರ್ಡು ಅವರಿಬ್ಬರ ಕಾರ್ಡಾಯ್ತು.

"ಯಾವಾಗ ಕೇಳಿದ್ದು?" ಅಂದೆ.

ಅಕ್ಕ ತಟ್ಟೆ ನೋಡ್ತಾ, "ಹೋದ ತಿಂಗಳು" ಅಂದ್ಲು.

ಹೋದ ತಿಂಗಳು! ಹೋದ ತಿಂಗಳಿಂದ ನಾನು ಬೆಳಗಾಗೆದ್ದು ಓಡಿದೀನಿ, ಸ್ನೇಹಿತೆ ಮದುವೆಗೆ ಹೋಗಿಲ್ಲ, ಅಂಗೈ ಕಿತ್ಕೊಂಡು ಬಂದ್ರೂ ಪಟ್ಟಿ ಸುತ್ತಿ ಸರ್ವ್ ಮಾಡಿದೀನಿ. ಇವರು ನೋಡ್ತಾ ಕೂತಿದ್ರು. ಅಮ್ಮನ್ನ ನೋಡಿದೆ. ಅವಳು ಎದ್ದು ನೀರು ತರೋಕೆ ಅಂತ ಒಳಗೆ ಹೋದ್ಲು. ಜಗ್ಗು ತುಂಬಿ ಟೇಬಲ್ ಮೇಲೇ ಇತ್ತು. ಅವಳಿಗೂ ಗೊತ್ತಿತ್ತು.

ಮೈಯೆಲ್ಲಾ ಉರಿದುಹೋಯ್ತು. "ಊಟದಲ್ಲಿ ಕರಿಬೇವು ಎತ್ತಿಟ್ಟಂಗೆ ಎತ್ತಿ ಪಕ್ಕಕ್ಕಿಟ್ಟಿರಲ್ಲಾ, ನಿಮಗೆ ಮನಸ್ಸಾದ್ರೂ ಹೇಗೆ ಬಂತು? ಮುಖಕ್ಕೆ ಹೊಡೆದಂಗೆ ಹೇಳಿದ್ರೂ ತಡ್ಕೊಳ್ತಿದ್ದೆ. ಒಂದು ತಿಂಗಳು ನನ್ನನ್ನ ಕುಣಿಸಿದ್ದೀರಲ್ಲ!"

"ನಿಧಾನ ಕಣೇ, ಪಕ್ಕದ ಮನೆಯೋರಿಗೆ ಕೇಳುತ್ತೆ" ಅಂತ ಅಮ್ಮ ಒಳಗಿಂದ.

"ಕೇಳಲಿ! ಮೈಕ್ ತಂದು ಕೊಡು, ಊರಿಗೆಲ್ಲಾ ಕೇಳಲಿ!"

ಅಕ್ಕ ತಲೆ ಎತ್ತಿದ್ಲು. "ಈ ಭುಜ ಇನ್ನೊಂದು ವರ್ಷ ತಡೆಯಲ್ಲ ಅಂತ ಡಾಕ್ಟರೇ ಹೇಳಿದಾರೆ. ನಿಂಗಿನ್ನೂ ವಯಸ್ಸಿದೆ. ನಂಗೆ ಇದೇ ಕೊನೇದು. ನಿನ್ನ ಜೊತೆ ಆಡಿದ್ರೆ ಮೊದಲ ರೌಂಡಲ್ಲೇ ಮನೆಗೆ. ಅವಳ ಜೊತೆ ಆದ್ರೆ..."

"ಹೇಳು, ಪೂರ್ತಿ ಹೇಳು. ಅವಳ ಜೊತೆ ಆದ್ರೆ ಗೆಲ್ತೀನಿ ಅನ್ನು. ತಂಗಿ ಜೊತೆ ಸೋಲೋದಕ್ಕಿಂತ ಅದೇ ವಾಸಿ ಅನ್ನು."

ನಾನು ಅಪ್ಪನ ಕಡೆ ತಿರುಗಿದೆ.

"ನನ್ನನ್ನ ಯಾಕೆ ಕೇಳಲಿಲ್ಲ ಅಪ್ಪಾ ಅವನು? ನಾನು ಹುಟ್ಟಿದಾಗಿಂದ ಎಡಗಡೆ ಆಡ್ತಿದೀನಿ."

ಅಪ್ಪ ಗಂಟಲು ಸರಿ ಮಾಡ್ಕೊಂಡ್ರು. "ನಿನ್ನ ಬಾಯಿ. ಹೋದ ವರ್ಷ ಅಂಪೈರ್‌ಗೆ ಕನ್ನಡಕ ಬದಲಾಯಿಸ್ಕೋ ಅಂದ್ಯಲ್ಲ, ಅದಿನ್ನೂ ಅವರ ಬಾಯಲ್ಲಿದೆ. ಪಟಾಕೀನ ದೊಡ್ಡವರ ಪಕ್ಕ ಕೂರಿಸೋಕೆ ಆಗಲ್ಲ ಅಂದ್ರು."

ಗಾಯದ ಮೇಲೆ ಬರೆ ಎಳೆಯೋದು ಇನ್ನೂ ಬಾಕಿ ಇತ್ತು. ಅಪ್ಪ ದನಿ ತಗ್ಗಿಸಿ ಹೇಳಿದ್ರು, "ಮಹಾರಾಣಿ ಗುರುವಾರ ಬರ್ತಾಳೆ. ಎದುರಿಗೆ ಎಡಗೈಯೋರು ಸಿಕ್ಕಬಹುದು ಅಂತ ಪ್ರಾಕ್ಟೀಸಿಗೆ ಒಬ್ಬ ಎಡಗೈ ಹುಡುಗಿ ಬೇಕಂತೆ. ನೀನು ಬಂದು ನನ್ನ ಜೊತೆ ಆ ಕಡೆ ಆಡಿದ್ರೆ ಅಕ್ಕಂಗೆ ಸಹಾಯ ಆಗುತ್ತೆ."

ನಾನು ತಟ್ಟೆ ತಳ್ಳಿ ಎದ್ದೆ. ಸತ್ರೂ ಬರಲ್ಲ ಅಂದೆ. ಡೈರೆಕ್ಟರ್‌ಗೂ ಸೇರಿಸಿ ಬಾಯಿಗೆ ಬಂದಿದ್ದೆಲ್ಲಾ ಅಂದೆ. ಗುರುವಾರ ಹೋದೆ. ಯಾಕೆ ಅಂದ್ರೆ ಮನೇಲಿ ಕೂತ್ರೆ ಆ ಸಿಟ್ಟನ್ನ ಯಾರ ಮೇಲೆ ತೀರಿಸ್ಕೊಳ್ಳಲಿ?

ಹೊಸ ಕೋರ್ಟಿಗೆ ಇನ್ನೂ ಬಣ್ಣದ ವಾಸನೆ ಇತ್ತು. ಗ್ಯಾಲರೀಲಿ ಕೆಲಸದವರು ಕುರ್ಚಿಗಳಿಗೆ ಬೋಲ್ಟ್ ಹಾಕ್ತಿದ್ರು, ಒಬ್ಬ ಮೈಕಲ್ಲಿ ಹಲೋ ಹಲೋ ಅಂತಾನೇ ಇದ್ದ. ಮಹಾರಾಣಿ ಬಂದ್ಲು, ನನ್ನ ಕೈ ಕುಲುಕಿದ್ಲು, ನಕ್ಕಳು, ನೀರಿನ ಬಾಟಲಿ ಕೊಟ್ಲು. ಒಳ್ಳೆಯವಳು. ಅದಕ್ಕೂ ಸಿಟ್ಟು ಬಂತು. ಕೆಟ್ಟವಳಾಗಿದ್ರೆ ಬೈಯೋಕಾದ್ರೂ ಸುಲಭ ಆಗ್ತಿತ್ತು. ಡೈರೆಕ್ಟರ್ ಪಕ್ಕದಲ್ಲಿ ಕೊಡೆ ಕೆಳಗೆ ಕೂತಿದ್ದ.

ಒಂದು ಕಡೆ ಮಹಾರಾಣಿ ಮತ್ತು ಅಕ್ಕ, ಇನ್ನೊಂದು ಕಡೆ ನಾನು ಮತ್ತು ಅಪ್ಪ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ನನ್ನದೊಂದು ಚೆಂಡು ಅವರಿಬ್ಬರ ನಡುವೆ ಬಿತ್ತು. ಬೇಕೂಂತ ಹೊಡೆದಿದ್ದಲ್ಲ. ಇಬ್ಬರೂ ಬಿಟ್ಟರು.

ಈಗ ಅಕ್ಕ ಎಡಗಡೆ ಇದ್ಲಲ್ಲ, ಅವಳ ಬಲಗೈ ನಡುವಿಗೇ ಬರುತ್ತೆ. ಆ ಚೆಂಡು ಅವಳದ್ದೇ, ಪ್ರಪಂಚದ ಯಾವ ಕೋಚನ್ನ ಬೇಕಾದ್ರೂ ಕೇಳಿ. ಮಹಾರಾಣಿ ಅದಕ್ಕೇ ಬಿಟ್ಟಿದ್ದು. ಅಕ್ಕ ಬಿಟ್ಟಿದ್ದು ನನಗೋಸ್ಕರ. ನಾನು ನೆಟ್ಟಿನ ಈಚೆ ಕಡೆ, ಅವಳೆದುರಿಗೇ ನಿಂತಿದ್ದೆ! ಅವಳ ಕಾಲಿಗೆ ಇನ್ನೂ ಅದು ತಿಳಿದಿರಲಿಲ್ಲ.

ಅವಳನ್ನೇ ನೋಡ್ತಾ ನಿಂತ್ಬಿಟ್ಟೆ. ಒಂದು ಗಳಿಗೆ, ಅಷ್ಟೇ. ಆಮೇಲೆ ಆ ತಿಂಗಳೆಲ್ಲಾ ನೆನಪಾಯ್ತು, ಲೇಸ್ ಬಿಚ್ಚಿ ಕಟ್ಟಿದ್ದು ನೆನಪಾಯ್ತು. ಮುಂದಿನ ಚೆಂಡನ್ನ ಬೇಕೂಂತಲೇ ನಡುವೆ ಹೊಡೆದೆ. ಅದರ ಮುಂದಿಂದೂ ನಡುವೆ. ಅಕ್ಕ ಪ್ರತಿ ಸಲ ಬಿಡ್ತಿದ್ಲು, ಬಿಟ್ಟ ಮೇಲೆ ತಲೆ ಚಚ್ಚಿಕೊಳ್ತಿದ್ಲು. ಮಹಾರಾಣಿ ಮೊದಮೊದಲು ನಕ್ಕು ಬೆನ್ನು ತಟ್ಟಿದ್ಲು. ಆಮೇಲೆ ತಟ್ಟೋದು ನಿಲ್ಲಿಸಿದ್ಲು.

"ಸಾಕು ಕಣೇ" ಅಂತ ಅಪ್ಪ ಪಕ್ಕದಿಂದ ಪಿಸುಗುಟ್ಟಿದ್ರು. ಅವರಿಗೆ ಗೊತ್ತಾಗಿತ್ತು, ಆ ಕಾನೂನು ಅವರದ್ದೇ ಅಲ್ವಾ. "ಅವಳು ನಿನ್ನಕ್ಕ."

"ಪ್ರಾಕ್ಟೀಸ್ ಕೊಡ್ತಿದೀನಿ ಅಪ್ಪಾ. ನೀವೇ ಕರೆದಿದ್ದು."

ಕೊನೆಗೆ ಅಕ್ಕ ಹಟ ಹಿಡಿದು ಒಂದು ನಡುವಿನ ಚೆಂಡಿಗೆ ನುಗ್ಗಿದ್ಲು. ತಡವಾಗಿತ್ತು. ಅಷ್ಟರಲ್ಲಿ, ಇವಳು ಹೊಡೆಯಲ್ಲ ಅಂತ ಮಹಾರಾಣೀನೂ ನುಗ್ಗಿದ್ಲು. ಎರಡು ರ‍್ಯಾಕೆಟ್ಟೂ ಫಟ್ಟಂತ ಬಡಿದ್ವು. ಗ್ಯಾಲರಿಯ ಕೆಲಸದವರು ಬೋಲ್ಟ್ ಬಿಟ್ಟು ತಿರುಗಿ ನೋಡಿದ್ರು. ಅಕ್ಕ ಭುಜ ಹಿಡ್ಕೊಂಡು ಕೂತ್ಬಿಟ್ಲು.

ಮಹಾರಾಣಿ ಅವಳನ್ನ ಕೈ ಕೊಟ್ಟು ಎಬ್ಬಿಸಿ, ಏಟಾಯ್ತಾ ಅಂತ ಕೇಳಿ, ನೇರ ಕೊಡೆ ಕೆಳಗೆ ಹೋಗಿ ಡೈರೆಕ್ಟರ್ ಹತ್ರ ಮಾತಾಡಿದ್ಲು. ಕೂಗಾಡಲಿಲ್ಲ. ಒಂದು ಸಲ ನನ್ನ ಕಡೆ ಬೆರಳು ತೋರಿಸಿದ್ಲು. ಬಿತ್ತು ನನ್ನ ಮೇಲೆ ಅಂತ ನಾನು ಜಗಳಕ್ಕೆ ತಯಾರಾಗೇ ನಿಂತಿದ್ದೆ. ಏನೇನು ಹೇಳಬೇಕು ಅಂತ ಎಲ್ಲಾ ನಾಲಿಗೆ ಮೇಲೇ ಇತ್ತು.

ಡೈರೆಕ್ಟರ್ ಬಂದ. ಅಕ್ಕನ ಮುಂದೇನೇ, ಅಪ್ಪನ ಮುಂದೇನೇ ಕೇಳಿದ, "ಈ ಎಡಗೈ ಹುಡುಗಿ ಎಡಗಡೆ ಆಡ್ತಾಳಾ ಅಂತ ಕೇಳ್ತಿದಾರೆ. ಹೆಸರು ಇವತ್ತೇ ಕೊಡಬೇಕು. ನಿಮ್ಮಕ್ಕನ ಬದಲು ನೀವು..."

"ಆಡ್ತೀನಿ" ಅಂದೆ.

ಅವನ ಮಾತಿನ್ನೂ ಮುಗಿದಿರಲಿಲ್ಲ.

"ಆದ್ರೆ ನಿಮ್ಮ ಬಾಯಿ ಸ್ವಲ್ಪ..."

"ಮುಚ್ಕೊಂಡಿರ್ತೀನಿ ಸಾರ್" ಅಂದೆ. ಸಾರ್ ಅಂದೆ! ಮನೇಲಿ ಯಾವನಿಗೆ ಬಾಯಿಗೆ ಬಂದಂಗೆ ಬೈದಿದ್ನೋ, ಅವನಿಗೆ ಸಾರ್ ಅಂದೆ. ಅವನು ತಲೆ ಆಡಿಸಿ, ಫೋನ್ ತೆಗೆದು, ಯಾರಿಗೋ ನನ್ನ ಹೆಸರು ಹೇಳ್ತಾ ಹೋದ.

ಅಕ್ಕ ಹತ್ರ ಬಂದ್ಲು. ಬೈತಾಳೆ ಅನ್ಕೊಂಡೆ. ಬೈಯಲಿ ಅಂತಾನೇ ಕಾದೆ, ಬೈದಿದ್ರೆ ತಿರುಗಿಸಿ ಬೈಯಬಹುದಿತ್ತು.

"ನಾನು ಅವರಿಗೆ ಹ್ಞೂಂ ಅನ್ನೋಕೆ ಒಂದು ವಾರ ತಗೊಂಡಿದ್ದೆ ಕಣೇ" ಅಂದ್ಲು. "ದಿನಾ ನಿನ್ನ ರೂಮಿನ ಬಾಗಿಲ ತನಕ ಬಂದು, ಹೇಳೋಕೆ ಧೈರ್ಯ ಸಾಲದೆ ವಾಪಸ್ ಹೋಗ್ತಿದ್ದೆ. ನೀನು ಈಗ ಹ್ಞೂಂ ಅನ್ನೋವಾಗ ಒಂದ್ಸಲ ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ವಲ್ಲೇ."

ನಂಗೆ ಸಿಟ್ಟು ನೆತ್ತಿಗೇರಿತು. "ವಾರ ತಗೊಂಡು ಕೊನೆಗೆ ಹ್ಞೂಂ ಅಂದೆ ತಾನೆ? ಏನು ವ್ಯತ್ಯಾಸ?" ಅಂತ ಕಿರುಚಿದೆ. ಮೈಕಿನವನು ಹಲೋ ಅನ್ನೋದು ನಿಲ್ಲಿಸಿದ.

"ವ್ಯತ್ಯಾಸ ಏನೂ ಇಲ್ಲ" ಅಂದ್ಲು ಅಕ್ಕ. ಎಡಗೈಲಿ ಬ್ಯಾಗ್ ಎತ್ಕೊಂಡ್ಲು. ಬಲಗೈ ಮೇಲೇಳ್ತಿರಲಿಲ್ಲ. ಅಪ್ಪ ಓಡಿಹೋಗಿ ಬ್ಯಾಗಿಗೆ ಕೈ ಹಾಕಿದ್ರು, ಅವಳು ಕೊಡಲಿಲ್ಲ. ಇಬ್ಬರೂ ಗೇಟಿನ ಕಡೆ ನಡೆದ್ರು, ಅಪ್ಪ ಹಿಂದೆ, ಅಕ್ಕ ಮುಂದೆ.

ಅಕ್ಕಾ ಅಂತ ಕರೆಯೋಣ ಅನ್ನಿಸ್ತು. ಕಾರ್ಡು ಬೇಡ ಅಂತ ಕೂಗಿ ಹೇಳೋಣ ಅನ್ನಿಸ್ತು. ಡೈರೆಕ್ಟರ್ ಇನ್ನೂ ಫೋನಲ್ಲೇ ಇದ್ದ, ಹೇಳೋಕೆ ಬೇಕಾದಷ್ಟು ಹೊತ್ತಿತ್ತು. ಅಷ್ಟರಲ್ಲಿ ಮಹಾರಾಣಿ ಕೋರ್ಟಿನ ಬಲಗಡೆ ನಿಂತು, ಎಡಗಡೆ ಜಾಗವನ್ನ ರ‍್ಯಾಕೆಟ್ಟಲ್ಲಿ ತೋರಿಸಿ, ಬಾ ಅಂತ ಕರೆದ್ಲು.

ಹೋದೆ.