ಕೌದಿಯ ಭಾರ

ಗಂಗಾಬಾಯಿಗೆ ಆವತ್ತು ಆಳಂದದ ಹಲ್ಲಿನ ಡಾಕ್ಟರ್ ವೃಂದಾ ಸಾಕ್ಷಾತ್ ದೇವರಾಗಿ ಕಂಡಿದ್ದಳು. ಕಾಣದೆ ಏನು? ಅಂಜಿ ಕುರ್ಚಿಯಿಂದ ಜಿಗಿದು ಓಡುತ್ತಿದ್ದ ಮಗಳು ಸೃಷ್ಟಿಯ ಎದೆ ಮೇಲೆ, ಎಕ್ಸರೇ ತೆಗೆಯುವಾಗ ಹೊದಿಸೋ ಸೀಸದ ದಪ್ಪ ಏಪ್ರನ್ ಇಟ್ಟಳು, ಅಷ್ಟೇ. ಏಳು ವರ್ಷದ ಹುಡುಗಿ ದೊಡ್ಡ ಉಸಿರು ಬಿಟ್ಟು ಬಾಯಿ ತೆರೆದಳು!

"ಮೈಮೇಲೆ ಹದವಾಗಿ ಭಾರ ಬಿದ್ರ ಅಂಜಿಕಿ ಇಳೀತದರಿ," ಅಂದಳು ವೃಂದಾ. "ಬಾವು ಇಳಿಲಿಕ್ಕೆ ಗುಳಿಗಿ ಕೊಡ್ರಿ. ಮುಂದಿನ ವಾರ ಹಲ್ಲು ಕೀಳೋಣು. ಆಕಿ ಮನಸಿಗಿ ಸೇರೋ ಹೊದಿಕಿ ಮನ್ಯಾಗ ಇದ್ರ ತರ್ರಿ."

ನಿಂಬರ್ಗಾದ ಅವರ ಮನ್ಯಾಗ ಭಾರದ್ದು ಅಂದ್ರ ಒಂದೇ, ಅತ್ತಿ ಹಳೇ ಇಳಕಲ್ ಸೀರಿ ಪದರು ಪದರು ಇಟ್ಟು ಹೊಲಿದ ಕೌದಿ. ಗಂಗಾಬಾಯಿ ಅದನ್ನ ಅಟ್ಟದಿಂದ ಇಳಿಸಿ, ಧೋತರದಾಗ ಗಂಟು ಕಟ್ಟಿಕೊಂಡು, ವಾರದ ಮೇಲೆ ಮಗಳ ಜೊತೆ ಆಳಂದದ ಬಸ್ ಹತ್ತಿದಳು.

ಕುರ್ಚಿಗೆ ಒರಗಿದ ಸೃಷ್ಟಿ ತಾನೇ ಏಪ್ರನ್ನಿಗೆ ಕೈ ಚಾಚಿದಳು.

"ಅದ್ಯಾಕ ಬೇ, ಇದು ಅದಕ್ಕಿಂತ ಭಾರ ಅದ," ಅಂತ ತಾಯಿ ಕೌದಿ ಹರವಿ ಎರಡೂ ಕೈಲೆ ಒತ್ತಿದಳು.

ಯಪ್ಪಾ, ಆ ಚೀರಾಟ! ಕೂಸು ಬಾಯಿ ಮುಚ್ಚಿಕೊಳ್ಳಲಿಲ್ಲ, ಹೊಟ್ಟಿ ಮುಚ್ಚಿಕೊಂಡಿತು. "ಬರಿ ಬ್ಯಾಡ ಯವ್ವಾ! ಬರಿ ಬ್ಯಾಡ!"

ಗಂಗಾಬಾಯಿ ಒತ್ತಿದ್ದ ಕೈ ಹಿಂದೆ ತಗೊಂಡಳು. ಹೋದ ವರ್ಷ ಕಾಮಣಿ ಆಗಿ ಮೈ, ಕಣ್ಣು ಹಳದಿ ಆದಾಗ, ಇದೇ ಕೌದಿಯಾಗ ಸುತ್ತಿ ಕೆಡವಿ, ಕಾದ ಕಬ್ಬಿಣದಿಂದ ಸೃಷ್ಟಿ ಹೊಟ್ಟಿಗೆ ಬರಿ ಹಾಕಿಸಿದ್ದರು. ಕಾಲು ಒತ್ತಿ ಹಿಡಿದಾಕಿ ಹಡದವ್ವನೇ. ಕಾಮಣಿ ಹೋತು, ಕೂಸು ಮರೀತು ಅಂದುಕೊಂಡಿದ್ದಳು, ಮಳ್ಳಿ. ಹಿಡಿದ ಕೈ ಮರೀತದ, ಸುಟ್ಟ ಚರ್ಮ ಮರೀತದೇನು?

ವೃಂದಾ ಕೌದಿ ಕಿತ್ತೆಸೆದು, ಮತ್ತೆ ಏಪ್ರನ್ ಹೊದಿಸಿ ನೋಡಿದಳು. ಈಗ ಅದೂ ಒಲ್ಲೆ ಅಂತು ಕೂಸು. "ಕಲಬುರಗಿಗಿ ಕರ್ಕೊಂಡು ಹೋಗ್ರಿ. ಮತ್ತಿನ ಔಷಧ ಕೊಟ್ಟು ಹಲ್ಲು ಕೀಳ್ತಾರ. ತಡಾ ಮಾಡಬ್ಯಾಡ್ರಿ, ಕೀವು ಮ್ಯಾಲೇರಾಕತ್ತದ," ಅಂದಳು. "ತಪ್ಪಾತು ನನ್ನವ್ವಾ," ಅಂತ ಗಂಗಾಬಾಯಿ ಮಗಳ ಪಾದ ಮುಟ್ಟಲು ಹೋದರೆ, ಸೃಷ್ಟಿ ಕಾಲು ಮಡಚಿಕೊಂಡಳು.

ಊರಿಗೆ ಬಂದವಳೇ ಕೌದಿ ತಿಪ್ಪಿಗೆ ಒಗೆದಳು. ಒಗೆದರೇನು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗ.

ಮರುದಿನ ಮುಂಜಾನೆ ಸೃಷ್ಟಿ ಕೆನ್ನಿ ಬಾತು ಒಂದು ಕಣ್ಣು ಮುಚ್ಚಿತ್ತು.

"ಭಾಳ ನೋಯಾಕತ್ತದೇನವ್ವಾ? ಕಲಬುರಗಿಗಿ ಹೋಗೋಣೇನು?"

"ಇಲ್ಲ ಯವ್ವಾ, ಒಟ್ಟ ನೋಯಂಗಿಲ್ಲ," ಅಂದಳು ಸೃಷ್ಟಿ. ಬುಟ್ಟಿಯಿಂದ ಕಡಕ್ ರೊಟ್ಟಿ ಮುರಿದು, ಬಾತ ಕಡೆಯ ಹಲ್ಲಿನಿಂದಲೇ ಕಟಕಟ ಕಡಿದು ತೋರಿಸಿದಳು, ಕಣ್ಣೀರು ಸುರಿಸುತ್ತ.