ಹಳೆಯ ನಂಬರಿಗೆ ಒಂದು ಕರೆ

ಹೂಡಿಕೆಯ ಸಲಹೆ ಕೊಡುವ ಆ ಕಚೇರಿಯಲ್ಲಿ ಗ್ರಾಹಕರ ಫೋನ್ ಕರೆಗಳನ್ನು ನೋಡಿಕೊಳ್ಳುವವಳಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಪತ್ತೇದಾರಮ್ಮ. ಬೇರೊಬ್ಬರ ದನಿ ಅನುಕರಿಸಿ ಹಣ ಲಪಟಾಯಿಸಲು ಹೊರಟವನನ್ನು ಒಮ್ಮೆ ಫೋನಿನಲ್ಲೇ ಹಿಡಿದಿದ್ದಳು. ಅಂದಿನಿಂದ ಅವಳಿಗೆ ಕೋಡು ಮೂಡಿತ್ತು. ಗ್ರಾಹಕರು ಸೀನಿದರೂ ಸಂಶಯ. ಇಂಥವಳ ಜೊತೆ ಏಗುವುದು ಕಷ್ಟವೇ, ಆದರೆ ಕಚೇರಿಗೆ ಇಂಥವಳೇ ಬೇಕು.

ಆ ಬೆಳಿಗ್ಗೆ ಕರೆ ಮಾಡಿದಾಕೆ ತಾನು ಟೈಲರಮ್ಮ ಎಂದಳು. ಹಳೆಯ ಗ್ರಾಹಕಿ ಟೈಲರಮ್ಮ ಬಾಯಿ ತೆರೆದರೆ ಬೀದಿಗೆಲ್ಲ ಕೇಳಬೇಕು, ಅಂಥ ಗಂಟಲು. ಫೋನಿನಲ್ಲಿ ಹರಟುವಾಗಲೂ ಹೊಲಿಗೆ ಯಂತ್ರ ನಿಲ್ಲಿಸುತ್ತಿರಲಿಲ್ಲ. ಇಂದು ಯಂತ್ರದ ಸದ್ದಿಲ್ಲ, ದನಿ ಪಿಸುಗುಟ್ಟಿದಂತೆ, ನಂಬರೂ ಹೊಸದು.

“ನನ್ನ ದುಡ್ಡು ಪೂರ್ತಿ ವಾಪಸ್ ಬೇಕು ಅಕ್ಕಾ. ಬೇರೆ ಬ್ಯಾಂಕಿನ ಖಾತೆಗೆ ಹಾಕಿ. ಬೇಗ.”

ಪತ್ತೇದಾರಮ್ಮ ಹುಟ್ಟಿದ ದಿನ ಕೇಳಿದಳು, ಖಾತೆಯ ಗುಟ್ಟಿನ ಪ್ರಶ್ನೆ ಕೇಳಿದಳು. ತಡವರಿಸದೆ ಉತ್ತರ ಬಂತು. ಸಂಶಯ ಇನ್ನಷ್ಟು ಬಲವಾಯಿತು. ಎಲ್ಲ ಬಾಯಿಪಾಠ ಮಾಡಿಕೊಂಡಿರುವವರು ಕಳ್ಳರೇ ತಾನೆ!

“ಸ್ವಲ್ಪ ಹೊತ್ತಲ್ಲಿ ನಾನೇ ಫೋನ್ ಮಾಡ್ತೀನಿ,” ಎಂದು ಫೋನ್ ಇಟ್ಟಳು.

“ಏನ್ ಪತ್ತೇದಾರಮ್ಮ, ಗಾಳ ಹಾಕಿದ್ರಾ?” ಎಂದ ಪಕ್ಕದ ಮೇಜಿನವನು.

“ಮೀನೇ ಬಂದು ಬಿದ್ದಿದೆ ಕಣೋ.”

ಇಂಥ ಹೊತ್ತಿನಲ್ಲಿ ದಾಖಲೆಯಲ್ಲಿರುವ ಹಳೆಯ ನಂಬರಿಗೆ ಫೋನ್ ಮಾಡಿ ಗ್ರಾಹಕರನ್ನೇ ಕೇಳಬೇಕು, ಬೇರೆ ಯಾರು ಎತ್ತಿದರೂ ತುಟಿ ಬಿಚ್ಚದೆ ಇಡಬೇಕು. ಅದು ಕಚೇರಿಯ ಪದ್ಧತಿ. ಅವಳು ಹಳೆಯ ನಂಬರಿಗೆ ಮಾಡಿದಳು. ಗಂಡಸೊಬ್ಬ ಎತ್ತಿದ.

“ನಾನು ಅವಳ ಗಂಡ. ಅವಳು ಫೋನ್ ಇಲ್ಲೇ ಬಿಟ್ಟು ಹೋಗಿದಾಳೆ. ಏನ್ ವಿಷಯ?”

ಅಲ್ಲಿಗೇ ಇಡಬೇಕಿತ್ತು. ಕಳ್ಳಿಯನ್ನು ಹಿಡಿಯುವ ಆತುರದಲ್ಲಿ ನಾಲಗೆ ಜಾರಿತು.

“ಹೊಸ ನಂಬರಿಂದ ಫೋನ್ ಮಾಡಿದ್ದು ಮೇಡಮ್ಮೇನಾ ಸರ್? ದುಡ್ಡೆಲ್ಲ ತೆಗೀಬೇಕು ಅಂದ್ರು.”

ಆ ಕಡೆಯ ದನಿ ಬೆಣ್ಣೆಯಾಯಿತು.

“ಮೊನ್ನೆಯಿಂದ ಹುಡುಕ್ತಾ ಇದೀನಿ ತಾಯೀ. ಆ ನಂಬರ್ ಸ್ವಲ್ಪ ಕೊಡಿ. ಯಾವ ಬ್ಯಾಂಕು, ಯಾವ ಊರು?”

ಪಿಸುಮಾತು ಏಕೆ, ಹೊಸ ನಂಬರು ಏಕೆ ಎಂಬುದು ಈಗ ಪತ್ತೇದಾರಮ್ಮನಿಗೆ ಹೊಳೆಯಿತು. ಫೋನ್ ಮಾಡಿದ್ದು ಟೈಲರಮ್ಮನೇ. ಗಂಡನ ಕೈಯಿಂದ ತಪ್ಪಿಸಿಕೊಂಡು ಹೋಗಿದ್ದಳು. ಪತ್ತೇದಾರಮ್ಮ ನಂಬರ್ ಕೊಡದೆ ಫೋನ್ ಇಟ್ಟಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು. ಮ್ಯಾನೇಜರ್ ಬಳಿ ಓಡಿ ಎಲ್ಲ ಹೇಳಿದಳು, ಬೈಸಿಕೊಂಡಳು, ಹಣ ಕಳಿಸಲು ಒಪ್ಪಿಗೆ ಪಡೆದು ಹೊಸ ನಂಬರಿಗೆ ಕರೆ ಮಾಡಿದಳು.

“ಟೈಲರಮ್ಮ, ದೊಡ್ಡ ತಪ್ಪಾಯ್ತು. ನಿಮ್ಮ ಯಜಮಾನರ ಹತ್ರ ಬಾಯಿ ಬಿಟ್ಬಿಟ್ಟೆ. ನಂಬರ್ ಕೊಟ್ಟಿಲ್ಲ. ದುಡ್ಡು ಇವತ್ತೇ ಕಳಿಸ್ತೀವಿ. ನೀವು ಎಲ್ಲಿದೀರಿ? ಹುಷಾರಾಗಿದೀರಾ?”

“ಎಲ್ಲಿದೀನಿ ಅಂತ ಯಾಕೆ ಕೇಳ್ತಿದೀರಿ? ಅವ್ರು ನಿಮ್ಮ ಪಕ್ಕದಲ್ಲೇ ಇದಾರಾ?”

“ಅಯ್ಯೋ, ನನ್ನಾಣೆಗೂ ಇಲ್ಲ!”

“ಬೇಡ ಅಕ್ಕಾ. ದುಡ್ಡು ಕಳಿಸ್ಬೇಡಿ. ಅದರ ಹಿಂದೇನೇ ಬರ್ತಾರೆ.”

ಕರೆ ಕಡಿದುಹೋಯಿತು. ಪತ್ತೇದಾರಮ್ಮ ಮತ್ತೆ ಮಾಡಿದಳು. ಫೋನ್ ಸ್ವಿಚ್ ಆಫ್ ಆಗಿತ್ತು.