ಹಸಿರು ದಾರ

"ಓರೆ ಮಾಡಿ, ಇನ್ನೂ ಸ್ವಲ್ಪ ಓರೆ! ಗೋಡೆಗೆ ತಾಗಿಸಬೇಡಿ," ಎಂದು ಟೈಲರ್ ಕೂಗುತ್ತಿದ್ದರು. ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತರುವಾಗ ಖಾಲಿಯಿತ್ತು, ನೆಟ್ಟಗೆ ನಿಲ್ಲಿಸಿ ತಂದಿದ್ದರು. ಈಗ ಹಾಗೆ ಮಾಡೋಕಾಗುತ್ತಾ? ಒಳಗೆ ಮಲಗಿದ್ದವರು ಅವರ ಹೆಂಡತಿ, ಊರ ಮಕ್ಕಳಿಗೆಲ್ಲ ಕಡಲ ಟೀಚರ್.

ಬಾಗಿಲು ಕಳಚಲು ಬಡಗಿಗೆ ಹೇಳಿ ಕಳಿಸಿದರು. ಪೆಟ್ಟಿಗೆ ಮತ್ತೆ ನಡುಮನೆಗೆ ಬಂತು. ತಲೆ ಕಡೆ ಹಿಡಿದಿದ್ದ ಐಸ್ ಫ್ಯಾಕ್ಟರಿಯ ಮುದುಕ ಭುಜ ತಿಕ್ಕಿಕೊಳ್ಳುತ್ತಾ ಹೊರಗೆ ಹೋಗಿ ನಿಂತ.

ಅವನ ಮಗಳು ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು. ಚಿಕ್ಕಂದಿನಲ್ಲಿ ಮರಳು ಸೋಸುವ ಜರಡಿ ಕೈಬಿಡುತ್ತಿರಲಿಲ್ಲವೆಂದು ಟೀಚರೇ ಅವಳಿಗೆ ಜರಡಿ ಎಂದು ಹೆಸರಿಟ್ಟಿದ್ದರು. ಈಗ ಮಕ್ಕಳನ್ನು ದಡಕ್ಕೆ ಕರೆದೊಯ್ದು ಕಸ ಹೆಕ್ಕಿಸುವುದು, ವಿಂಗಡಿಸಲು ಕಲಿಸುವುದು ಎಲ್ಲ ಅವಳದೇ.

"ನನ್ನವಳ ಹಟ ಎಂಥಾದ್ದು ಅಂತೀಯ," ಎಂದು ಟೈಲರ್ ಪಕ್ಕದ ಮನೆಯ ನರ್ಸ್‌ಗೆ ಹೇಳುತ್ತಿದ್ದರು. ದನಿಯಲ್ಲಿ ಅಳುವೂ ಇತ್ತು, ಹೆಮ್ಮೆಯೂ ಇತ್ತು. "ಎಷ್ಟು ಬಾಟಲಿ, ಚೀಲ ಹೆಕ್ಕಿಸಿದ್ರೂ ಮಕ್ಕಳು ಆಟ ಅಂತ್ಲೇ ತಿಳ್ಕೊಂಡಿದ್ವು. ಒಂದಿನ ನಮ್ಮ ಬೆಕ್ಕು ಒಂದು ಬಿಳಿ ಹಕ್ಕಿ ಕೊಂದು ತಂತು. ಇವಳು ಅದನ್ನ ಕಿತ್ಕೊಂಡು, ಇದೇ ಮೇಜಿನ ಮುಂದೆ ಕೂತು, ಕಾಲಿಗೆ, ಕತ್ತಿಗೆ ಗಾಳದ ದಾರ ಸುತ್ತಿದ್ಲು. ಹೋಗಿ ಮರಳಲ್ಲಿ ಹೂತಿಟ್ಟು, ಮಾರನೇ ದಿನ ಮಕ್ಕಳ ಕೈಲೇ ಅಗೆಸಿದ್ಲು. ಅವತ್ತಿಂದ ನೋಡು, ಮಕ್ಕಳು ದಾರಿಗೆ ಬಂದ್ವು!"

"ಅಯ್ಯಯ್ಯೋ, ಏನು ತಲೆ!" ನರ್ಸ್ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ದಾರ ಎಲ್ಲಿಂದ ಬಂತು ಮಾಮ?" ಜರಡಿ ಕೇಳಿದಳು.

"ಯಾವ್ದೋ ಹುಡುಗಿ, ಗಂಟು ಕಲಿಯೋ ಪಾಠಕ್ಕೆ ಅಂತ ತಂದುಕೊಟ್ಟಿದ್ದಂತಮ್ಮ. ಹಸಿರು ದಾರ."

*

"ಟೀಚರ್ ಕೇಳಿದ್ರಾ? ಹಾಗಾದ್ರೆ ಒಳ್ಳೇದೇ ಕೊಡ್ಬೇಕು," ಎಂದು ಜರಡಿಯ ಅಪ್ಪ ಅಂದು ಹೊಸ ಉಂಡೆಯಿಂದ ಮಾರುದ್ದ ದಾರ ಕತ್ತರಿಸಿ ಕೊಟ್ಟಿದ್ದ. ಆ ದಡದಲ್ಲಿ ಹಸಿರು ದಾರದ ಗಾಳ ಅವನೊಬ್ಬನದೇ.

ಹಕ್ಕಿ ಸಿಕ್ಕಿದ್ದು ಜರಡಿಗೇ. ಟೀಚರ್ ಅವಳ ತಲೆ ಸವರಿ, "ಅಳಬೇಡ ಕಂದ. ಯಾರೋ ಕಡಲಿಗೆ ಎಸೆದ ದಾರ, ಪಾಪ, ಇದರ ಜೀವ ತಿಂತು," ಎಂದಿದ್ದರು. ಯಾರೆಂದು ಅವಳಿಗೆ ದಾರ ನೋಡಿಯೇ ಗೊತ್ತಾಗಿತ್ತು. ಮನೆಗೆ ಓಡಿ ಹೋಗಿ ತಟ್ಟೆ ತಳ್ಳಿ, "ನೀನು ಕೊಲೆಗಾರ. ನೀನು ಹಿಡಿದ ಮೀನು ನಂಗೆ ಬೇಡ," ಎಂದು ಕಿರುಚಿದ್ದಳು. ಎಷ್ಟೋ ದಿನ ಅಪ್ಪನನ್ನು ಮಾತಾಡಿಸಲಿಲ್ಲ. ಅವನು ಎದುರು ಮಾತಾಡದೆ ದೋಣಿ ಮಾರಿ ಐಸ್ ಫ್ಯಾಕ್ಟರಿ ಸೇರಿದ. ಐಸ್ ಗಡ್ಡೆ ಹೊತ್ತು ಹೊತ್ತು ಬಲಭುಜ ಕುಸಿಯಿತು. ಆದರೂ "ಟೀಚರ್ ನನ್ನ ಕಣ್ಣು ತೆರೆಸಿದ್ರು" ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ.

*

ಬಡಗಿ ಬಾಗಿಲು ಕಳಚಿ ಗೋಡೆಗೆ ಒರಗಿಸಿದ. ಜರಡಿಗೆ ಮೈಯೆಲ್ಲ ಉರಿಯುತ್ತಿತ್ತು. ಬದುಕಿದ್ದರೆ ಮುಖಕ್ಕೆ ಮುಖ ಕೊಟ್ಟು ಕೇಳಬಹುದಿತ್ತು. ಸತ್ತವರ ಜೊತೆ ಜಗಳ ಆಡೋದು ಹೇಗೆ? ಎಲ್ಲ ಗೊತ್ತಿದ್ದೂ ನನ್ನ ಕೈಯಲ್ಲೇ ಅಗೆಸಿದ್ರಲ್ಲ ಟೀಚರ್, ನಾನೇನು ಮಾಡಿದ್ದೆ ನಿಮಗೆ?

ಅಪ್ಪ ಒಳಗೆ ಬಂದ. "ಏಳಮ್ಮ, ಹೊರಡೋಣ. ಒಂದು ಹನಿ ಕಣ್ಣೀರಾದ್ರೂ ಹಾಕೇ. ಹೆತ್ತ ಮಗಳ ಹಾಗೆ ನೋಡ್ಕೊಂಡ್ರು ನಿನ್ನ."

"ನೀನು ಹೊರಬೇಡಪ್ಪ."

"ಭುಜದ್ದೇನು ಬಿಡು. ಇವರಿಗೆ ಹೆಗಲು ಕೊಡದೆ ಇನ್ಯಾರಿಗೆ ಕೊಡ್ಲಿ?"

ಪೆಟ್ಟಿಗೆ ಬಾಗಿಲು ದಾಟಿ ಬೀದಿಗೆ ಬಂತು. ಜರಡಿ ಅಪ್ಪನ ಪಕ್ಕದಲ್ಲೇ ನಡೆಯುತ್ತಿದ್ದಳು. ನಾಲ್ಕು ಮನೆ ದಾಟುವಷ್ಟರಲ್ಲಿ ತಡೆಯಲಾಗಲಿಲ್ಲ.

"ಅಪ್ಪ, ಆ ಹಕ್ಕಿ ನಿನ್ನಿಂದ ಸತ್ತಿದ್ದಲ್ಲ. ಬೆಕ್ಕು ಕೊಂದಿದ್ದು. ಪಾಠಕ್ಕೆ ಅಂತ ನೀನು ಕೊಟ್ಟ ದಾರಾನ ಟೀಚರೇ ಅದಕ್ಕೆ ಸುತ್ತಿದ್ದು. ಈಗ ಮಾಮನೇ ಹೇಳಿದ್ರು."

ಅಪ್ಪ ನಿಂತುಬಿಟ್ಟ. ಪೆಟ್ಟಿಗೆ ಅವನ ಮೂಲೆಗೆ ವಾಲಿತು, ಜೊತೆಯವರು ಮುಗ್ಗರಿಸಿದರು. "ಏಯ್, ಹಿಡ್ಕೊಳ್ರೋ!" ಎಂದು ಟೈಲರ್ ಚೀರಿದರು.

"ನನ್ನ ದೋಣಿ..." ಎಂದ ಅಪ್ಪ. ಮಗಳ ಮುಖ ನೋಡಿದ, ತಲೆಯ ಪಕ್ಕದ ಹಲಗೆ ನೋಡಿದ. ಆಮೇಲೆ ಹೆಗಲು ಕೊಟ್ಟು ಪೆಟ್ಟಿಗೆ ಎತ್ತಿ, ಕೆನ್ನೆ ಹಲಗೆಗೆ ಸೋಕದ ಹಾಗೆ ಕತ್ತು ಆಚೆ ಹೊರಳಿಸಿಕೊಂಡು ನಡೆದ.